ವಿಳಾಸವೂ ದಾರಿಯೂ: ಕಾಡಂಚಿನ ಪುಟ್ಟ ಜಾಲಗಳ ಕುರಿತು

(ಜಾಂಬೋಟಿಯಲ್ಲಿ ಮಳೆ ದಾಖಲಿಸುವ ಕಾರ್ಯಕರ್ತರ ಮುಂದೆ ಆಡಿದ ಮಾತುಗಳ ಬರಹರೂಪ)



ಇಲ್ಲಿಂದ ಪಶ್ಚಿಮಕ್ಕೆ, ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ; ಪೂರ್ವಾಭಿಮುಖವಾಗಿ 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲ್ಲೂಕಿನ ಭೀಮಗಡದ ಕಾಡಿನಿಂದ ಹೊರಡುವ ಮಹದಾಯಿಯಾದರೋ ಪಶ್ಚಿಮಕ್ಕಿಳಿದು ಗೋವೆಯ ಕಡಲಿಗೆ ಸಲ್ಲುತ್ತಾಳೆ. ಬಿದ್ದ ಹನಿ ಯಾವ ಕಡಲಿಗೆಂಬುದನ್ನು ಬೆಟ್ಟದ ನೆತ್ತಿ ನಿರ್ಧರಿಸುತ್ತದೆ. ಕಂಪ್ಯೂಟರ್ ಜಾಲದಲ್ಲಿ ಆ ನೆತ್ತಿಯ ಕೆಲಸವನ್ನು ಮಾಡುವುದು ರೂಟರ್.

ಕಳೆದ ಮಳೆಗಾಲದಲ್ಲಿ ನನ್ನಿಂದಾದ ತಪ್ಪೊಂದನ್ನು ಮೊದಲು ಹೇಳಿಬಿಡುತ್ತೇನೆ. ವೈಫೈ ದೂರದ ಕೋಣೆಗೂ ತಲುಪಲೆಂದು ಹಳೆಯ ರೂಟರೊಂದನ್ನು ತಂದು ಜಾಲಕ್ಕೆ ಸೇರಿಸಿದೆ. ಅದೂ ತಾನಾಗಿ ವಿಳಾಸ ಹಂಚತೊಡಗಿತು. ಮಳೆಮಾಪಕದ ದಾಖಲೆಯಂತ್ರಕ್ಕೆ ನಾನು ಕೊಟ್ಟಿದ್ದ ವಿಳಾಸವೇ ಯಾರದೋ ಮೊಬೈಲಿಗೂ ದೊರೆಯಿತು. ಒಂದೇ ವಿಳಾಸಕ್ಕೆ ಇಬ್ಬರು ವಾರಸುದಾರರು! ಮೂರು ದಿನಗಳ ಮಳೆಯ ಅಂಕಿಗಳು ಕಚೇರಿಗೆ ಬರಲೇ ಇಲ್ಲ. ಆ ಮೂರು ದಿನಗಳ ಮಳೆ ಮತ್ತೆ ಬೀಳುವುದಿಲ್ಲ.

ಐಪಿ ನಾಲ್ಕನೆಯ ಆವೃತ್ತಿಯಲ್ಲಿರುವುದು ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ಭಂಡಾರ 2011ರಲ್ಲೇ ಬರಿದಾಯಿತು. ಆದರೆ 1996ರ ನಿಯಮದಂತೆ 10, 172.16ರಿಂದ 172.31 ಮತ್ತು 192.168ರಿಂದ ಆರಂಭವಾಗುವ ವಿಳಾಸಗಳು ಒಳಬಳಕೆಗೆ ಮೀಸಲು. ಯಾರ ಅನುಮತಿಯೂ ಬೇಡ. 192.168.1 ಎಂಬ ಒಂದೇ ಕಂತೆಯಲ್ಲಿ 254 ಸಾಧನಗಳಿಗೆ ಸ್ಥಳವುಂಟು.

ಅದನ್ನು ಹೊಲದಂತೆ ಬದು ಹಾಕಿ ಹಂಚಿಕೊಳ್ಳಿ. 1 ರೂಟರಿಗೆ, 2ರಿಂದ 49ರವರೆಗೆ ಮಳೆಮಾಪಕ, ಪ್ರಿಂಟರ್‌ಗಳಂಥ ನೆಲೆನಿಂತ ಸಾಧನಗಳಿಗೆ, 100ರಿಂದ 199 ಬಂದುಹೋಗುವ ಮೊಬೈಲುಗಳಿಗೆ. ಈ ಕೊನೆಯ ಭಾಗವನ್ನಷ್ಟೇ ಡಿ.ಎಚ್.ಸಿ.ಪಿ. ಎಂಬ ಹಂಚಿಕೆ ವ್ಯವಸ್ಥೆಗೆ ಬಿಡಬೇಕು. ಒಂದು ಜಾಲಕ್ಕೆ ಹಂಚುವವನು ಒಬ್ಬನೇ ಇರಲಿ. ಎರಡನೆಯ ರೂಟರನ್ನು ಸೇರಿಸುವ ಮುನ್ನ ಅದರ ಹಂಚಿಕೆಯನ್ನು ನಿಲ್ಲಿಸಿ, ಅದಕ್ಕೆ 2ನೆಯ ವಿಳಾಸ ಕೊಟ್ಟು, ತಂತಿಯನ್ನು ಒಳಜಾಲದ ಕಿಂಡಿಗೇ ಸಿಕ್ಕಿಸಿ.

ಪಕ್ಕದ ಸಸ್ಯಕ್ಷೇತ್ರದಲ್ಲಿ ಪ್ರತ್ಯೇಕ ಜಾಲವಿದ್ದರೆ ಅದಕ್ಕೆ 192.168.2 ಎಂಬ ಬೇರೆ ಕಂತೆಯಿರಲಿ. ಎರಡೂ ಕಡೆ ಒಂದೇ ಕಂತೆಯಿದ್ದರೆ ರೂಟರಿಗೆ ದಿಕ್ಕು ತಿಳಿಯದು. ‘2ನೆಯ ಕಂತೆಗೆ ಈ ದಾರಿ, ಉಳಿದುದೆಲ್ಲ ಹೊರಗಿನ ಇಂಟರ್‌ನೆಟ್ಟಿಗೆ’ ಎಂದು ನಮ್ಮ ರೂಟರಿನಲ್ಲಿ ಬರೆಯಬೇಕು. ಆಚೆಯ ರೂಟರಿನಲ್ಲಿ ಮರಳುವ ದಾರಿಯನ್ನೂ ಬರೆಯಬೇಕು. ಬಹುಮಂದಿ ಮರೆಯುವುದು ಇದನ್ನೇ: ಪ್ರಶ್ನೆ ತಲುಪುತ್ತದೆ, ಉತ್ತರ ದಾರಿ ತಪ್ಪುತ್ತದೆ.

ಇದು ತಜ್ಞರ ಸ್ವತ್ತೇನಲ್ಲ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಹಳ್ಳಿಗರೊಡನೆ ಸಮುದಾಯದ ನಿಸ್ತಂತು ಜಾಲವನ್ನು ಕಟ್ಟಿದೆ.

ಕೊನೆಯದಾಗಿ, ಯಾವ ವಿಳಾಸ ಯಾವ ಸಾಧನಕ್ಕೆಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ರೂಟರಿನ ಪಕ್ಕದಲ್ಲಿಡಿ. 2018ರಲ್ಲಿ ನ್ಯಾಯಮಂಡಳಿಯ ತೀರ್ಪು ಬಂದ ಮೇಲೂ ಮಹದಾಯಿಯ ನೀರಿನ ವಾದ ಮುಗಿದಿಲ್ಲ. ಅಂಥಲ್ಲಿ ನಮ್ಮ ಕಾಡಿನ ಮಳೆಯ ಲೆಕ್ಕ ನಮ್ಮ ಕೈಯಲ್ಲಿ ಅಖಂಡವಾಗಿರಬೇಕು.