ರಫ್ತು ದ್ರಾಕ್ಷಿ: ಪ್ರಮಾಣಪತ್ರ, ಖರ್ಚು ಮತ್ತು ಕೂಲಿ ಆಳು

(ದ್ರಾಕ್ಷಿ ಬೆಳೆಗಾರರ ಸಭೆಯಲ್ಲಿ ನೀಡಿದ ಭಾಷಣ)



ವಿಜಯಪುರ ಸೀಮೆಯ ದ್ರಾಕ್ಷಿಯಲ್ಲಿ ಬಹಳಷ್ಟು ಒಣದ್ರಾಕ್ಷಿಯಾಗಿ ಮಾರಾಟವಾಗುತ್ತದೆ. ಹಸಿ ಹಣ್ಣನ್ನೇ ಯುರೋಪಿನ ಪೇಟೆಗೆ ಕಳಿಸಬೇಕೆಂಬ ಆಸೆಯೂ ಅನೇಕ ಬೆಳೆಗಾರರಲ್ಲಿದೆ. ಅಂಥವರು ಮೊದಲು ಕೇಳುವುದು, ಸರ್ಟಿಫಿಕೇಟಿಗೆ ಎಷ್ಟು ಖರ್ಚು ಬರುತ್ತದೆ ಎಂದು. ಪ್ರಶ್ನೆ ಸಹಜವೇ. ಆದರೆ ಪ್ರಮಾಣಪತ್ರದ ಶುಲ್ಕವು ಈ ಬೇಸಾಯದ ಸಣ್ಣ ಖರ್ಚು. ದೊಡ್ಡ ಖರ್ಚು ತೋಟದಲ್ಲಿ ದುಡಿಯುವ ಕೈಗಳದು; ಲಾಭ ನಷ್ಟವೆರಡೂ ಆ ಕೈಗಳಲ್ಲೇ ಇವೆ.

2010ರಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಆ ವರ್ಷ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ಅಂದರೆ ರೈತರು ಸಿ.ಸಿ.ಸಿ. ಎನ್ನುವ ಬೆಳವಣಿಗೆ ನಿಯಂತ್ರಕದ ಶೇಷ ಮಿತಿಮೀರಿ ಕಂಡುಬಂತು. ಏಪ್ರಿಲ್ ಚಾಟನಿಯ ನಂತರ ಚಿಗುರಿನ ಓಟ ತಡೆದು ಕಣ್ಣುಗಳಲ್ಲಿ ಫಲ ಹಿಡಿಸಲು ಇದನ್ನು ಸಿಂಪಡಿಸುವುದು ಹಳೆಯ ರೂಢಿ. ಹಣ್ಣು ಕೊಯ್ಯುವುದು ಮರುವರ್ಷ ಫೆಬ್ರವರಿ-ಮಾರ್ಚಿನಲ್ಲಿ. ಅಷ್ಟು ದಿನ ಅದು ಬಳ್ಳಿಯಲ್ಲಿ ಉಳಿಯುವುದೆಂದು ಬಹಳ ಜನ ಎಣಿಸಿರಲಿಲ್ಲ. ರಫ್ತಿಗೆ ಮುನ್ನ ಇಲ್ಲಿಯ ಪ್ರಯೋಗಾಲಯಗಳು ಪರೀಕ್ಷಿಸುತ್ತಿದ್ದ ಪಟ್ಟಿಯಲ್ಲೂ ಆಗ ಅದರ ಹೆಸರಿರಲಿಲ್ಲ. ಹೀಗಾಗಿ ಇಲ್ಲಿ ತೇರ್ಗಡೆಯಾದ ಹಣ್ಣು ಅಲ್ಲಿ ತಿರಸ್ಕೃತವಾಯಿತು. ರಫ್ತುದಾರರಿಗೂ ಅವರಿಗೆ ಮಾಲು ಕೊಟ್ಟ ಬೆಳೆಗಾರರಿಗೂ ಭಾರಿ ನಷ್ಟವಾಯಿತು. ಕಾಗದಪತ್ರ ಸರಿಯಿದ್ದರೆ ಸಾಲದು, ಏಪ್ರಿಲಿನಲ್ಲಿ ಪಂಪು ಹಿಡಿದವನು ಏನು ಬೆರೆಸಿದನೆಂಬುದು ಮಾರ್ಚಿನಲ್ಲಿ ಎದುರು ಬರುತ್ತದೆ.

ಕಾಗದಪತ್ರಗಳಲ್ಲಿ ಎರಡು ಬಗೆಗಳಿದ್ದು ಅನೇಕರು ಅವನ್ನು ಒಂದೇ ಎಂದು ತಿಳಿಯುತ್ತಾರೆ. ಮೊದಲನೆಯದು ಸರ್ಕಾರದ್ದು. ಯುರೋಪಿಗೆ ಕಳಿಸುವ ದ್ರಾಕ್ಷಿಯ ತೋಟ ತೋಟಗಾರಿಕೆ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಅಪೇಡಾ ಸಂಸ್ಥೆ 2006ರಲ್ಲಿ ಆರಂಭಿಸಿದ ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ತೋಟದ ಗುರುತು, ಕೊಯ್ಲಿಗೆ ಮುನ್ನ ತೆಗೆದ ಮಾದರಿಯ ಶೇಷ ಪರೀಕ್ಷೆ, ಪ್ಯಾಕ್‌ಹೌಸಿನ ವಿವರ ಎಲ್ಲವೂ ಒಂದಕ್ಕೊಂದು ಹೆಣೆದಿರುತ್ತವೆ. ಈ ನೋಂದಣಿಯನ್ನು ವರ್ಷವರ್ಷವೂ ನವೀಕರಿಸಬೇಕು. ಎರಡನೆಯದು ಗ್ಲೋಬಲ್‌ಗ್ಯಾಪ್. ಇದು ಸರ್ಕಾರದ ಕಾನೂನಲ್ಲ, ಯುರೋಪಿನ ದೊಡ್ಡ ಅಂಗಡಿಗಳು ತಮ್ಮ ಪೂರೈಕೆದಾರರಿಂದ ಕೇಳುವ ಖಾಸಗಿ ಪ್ರಮಾಣಪತ್ರ. 1997ರಲ್ಲಿ ಯೂರೆಪ್‌ಗ್ಯಾಪ್ ಎಂದು ಹುಟ್ಟಿ 2007ರಲ್ಲಿ ಈಗಿನ ಹೆಸರು ಪಡೆಯಿತು. ಇದರ ಅವಧಿಯೂ ಒಂದೇ ವರ್ಷ. ಸಾವಯವ ಪ್ರಮಾಣಪತ್ರದ ದಾರಿ ಬೇರೆಯೇ. ಬಹುವಾರ್ಷಿಕ ಬೆಳೆಗೆ ಅಲ್ಲಿ ಸಾಮಾನ್ಯವಾಗಿ 3 ವರ್ಷಗಳ ಪರಿವರ್ತನಾ ಅವಧಿ ಬೇಕು; ಬೂಜು ರೋಗದ ಕಾಟವಿರುವ ದ್ರಾಕ್ಷಿಯಲ್ಲಿ ಆತುರಪಟ್ಟು ಅದಕ್ಕೆ ಕೈಹಾಕುವುದು ಲೇಸಲ್ಲ.

ಗ್ಲೋಬಲ್‌ಗ್ಯಾಪನ್ನು ಒಬ್ಬನೇ ಪಡೆಯಬಹುದು, ಗುಂಪಾಗಿಯೂ ಪಡೆಯಬಹುದು. ಸಣ್ಣ ಹಿಡುವಳಿದಾರರಿಗೆ ಗುಂಪೇ ಮೇಲು. ಗುಂಪಿನವರು ಪ್ರತಿ ಸದಸ್ಯನ ತೋಟವನ್ನೂ ತಾವೇ ತಪಾಸಣೆ ಮಾಡಬೇಕು. ಹೊರಗಿನ ತಪಾಸಕರು ಸದಸ್ಯರ ಸಂಖ್ಯೆಯ ವರ್ಗಮೂಲದಷ್ಟು ತೋಟಗಳನ್ನಾದರೂ ನೋಡುತ್ತಾರೆ. 25 ಜನರಿದ್ದರೆ 5 ತೋಟ. ಖರ್ಚು ಹಂಚಿಹೋಗುವುದು ಈ ಕಾರಣದಿಂದ. ಆದರೆ ಹೊಣೆಯೂ ಹಂಚಿಹೋಗುತ್ತದೆ, ಒಬ್ಬನ ಅಡ್ಡದಾರಿಯಿಂದ ಇಡೀ ಗುಂಪಿನ ಪತ್ರ ತಡೆಹಿಡಿಯಲ್ಪಡಬಹುದು. ನೆಂಟಸ್ತಿಕೆಯ ದಾಕ್ಷಿಣ್ಯಕ್ಕೆ ಸದಸ್ಯರನ್ನು ಸೇರಿಸಿಕೊಳ್ಳಬಾರದು.

ಈಗ ಖರ್ಚಿನ ಮಾತು. ಲೆಕ್ಕ ತಿಳಿಯಲು ಮಾತ್ರ ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಅಂಕಿಗಳನ್ನು ಪ್ರತಿಯೊಬ್ಬರೂ ತಮ್ಮ ತೋಟಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. ಒಂದು ಹೆಕ್ಟೇರಿನ ಬೆಳೆಗಾರನ ಪಾಲಿಗೆ ಪ್ರಮಾಣಪತ್ರ ಮತ್ತು ಪರೀಕ್ಷೆಗಳಿಗೆ 10,000 ರೂ. ಬರಲಿ. ಬೀಗವಿರುವ ಔಷಧ ಕೋಣೆ, ಶೌಚಾಲಯ, ಕೈತೊಳೆಯುವ ನೀರಿನ ಏರ್ಪಾಟಿಗೆ 80,000 ರೂ. ಹಾಕಿ ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 8,000 ರೂ. ಗೊಂಚಲು ಕಡಿಮೆ ಮಾಡುವುದು, ಕಾಳು ಬಿಡಿಸುವುದು, ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದುವುದು, ಇವಕ್ಕೆ ಒಣದ್ರಾಕ್ಷಿ ತೋಟಕ್ಕಿಂತ 150 ಆಳು ಹೆಚ್ಚಾಗಿ, ದಿನಗೂಲಿ 500 ರೂ.ನಂತೆ 75,000 ರೂ. ಒಟ್ಟು 93,000 ರೂ. ರಫ್ತಿಗೆ ಯೋಗ್ಯವಾದ ಹಣ್ಣು 120 ಕ್ವಿಂಟಲ್ ಸಿಕ್ಕರೆ ಕೆ.ಜಿ.ಗೆ 7 ರೂ. 75 ಪೈಸೆ ಹೆಚ್ಚುವರಿ ಬಿದ್ದಂತಾಯಿತು. ಅರವತ್ತೇ ಕ್ವಿಂಟಲ್ ಸಿಕ್ಕರೆ? ಖರ್ಚು ಅಷ್ಟೇ, ಕೆ.ಜಿ.ಗೆ 15 ರೂ. 50 ಪೈಸೆ. ಊರ ಪೇಟೆಗಿಂತ ಅಷ್ಟು ಹೆಚ್ಚಿನ ದರ ಸಿಗದಿದ್ದರೆ ರಫ್ತಿನ ಸಾಹಸ ಬೇಡ. ಪತ್ರದ ಶುಲ್ಕದಲ್ಲಿ ಎರಡು ಸಾವಿರ ಉಳಿಸಲು ಓಡಾಡುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಹಾಗಾದರೆ ರಫ್ತಿಗೆ ಯೋಗ್ಯವಾದ ಪಾಲು ಹೆಚ್ಚುವುದು ಹೇಗೆ? ಮುಖ್ಯವಾಗಿ ಆಳುಗಳ ಕೆಲಸದಿಂದ. ಕಟ್ಟಿಗೆ ಕಟ್ಟುವುದು, ಎಲೆ ತೆಗೆಯುವುದು ಎಕರೆ ಲೆಕ್ಕದ ಗುತ್ತಿಗೆಗೆ ಕೊಡಬಹುದು. ಕಾಳು ಬಿಡಿಸುವ ಕೆಲಸವನ್ನು ಮಾತ್ರ ಗುತ್ತಿಗೆಗೆ ಬಿಡಬಾರದು. ಗುತ್ತಿಗೆಯವರಿಗೆ ಎಕರೆ ಮುಗಿಯಬೇಕು, ಬೆಳೆಗಾರನಿಗೆ ಗೊಂಚಲು ಉಳಿಯಬೇಕು. ಕತ್ತರಿಯ ತುದಿ ತಾಗಿದ ಕಾಳು ಪೆಟ್ಟಿಗೆಯಲ್ಲಿ ಕೊಳೆಯುತ್ತದೆ. ದಿನಗೂಲಿಯೇ ಒಳ್ಳೆಯದು, ಮೊದಲ ದಿನ ಒಂದು ಸಾಲಿನಲ್ಲಿ ಎಲ್ಲರಿಗೂ ಮಾಡಿ ತೋರಿಸಬೇಕು. ಅಕ್ಟೋಬರ್ ಚಾಟನಿಯನ್ನು ಎಲ್ಲರೂ ಒಂದೇ ವಾರದಲ್ಲಿ ಮುಗಿಸಿದರೆ ಮುಂದೆ ಆಳುಗಳಿಗಾಗಿ ಜಗಳ ತಪ್ಪದು. ಗುಂಪಿನ ತೋಟಗಳಲ್ಲಿ ನಾಲ್ಕೈದು ದಿನ ಹಿಂದುಮುಂದಾಗಿ ಚಾಟನಿ ಮಾಡಿದರೆ ಕೈ ಪಳಗಿದ ಒಂದೇ ತಂಡ ಸರದಿಯಂತೆ ತಿರುಗಬಹುದು.

ಸಿಂಪರಣೆಗೆ ಮಾತ್ರ ವರ್ಷಪೂರ್ತಿ ಒಬ್ಬನೇ ನಂಬಿಕೆಯ ಆಳಿರಬೇಕು. ಅವನಿಗೆ ತರಬೇತಿ ಆಗಿರಬೇಕು, ಕೈಗವಸು, ಮುಖಕವಚ ಕೊಟ್ಟಿರಬೇಕು, ಔಷಧದ ಹೆಸರು, ಪ್ರಮಾಣ, ದಿನಾಂಕವನ್ನು ಅಂದೇ ವಹಿಯಲ್ಲಿ ಬರೆಯಬೇಕು. ತಪಾಸಣೆಯ ಹಿಂದಿನ ರಾತ್ರಿ ಕೂತು ಬರೆದ ವಹಿಯನ್ನು ತಪಾಸಕರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಪಕ್ಕದ ತೋಟದ ಪಂಪನ್ನು ಎರವಲು ತಂದರೆ ಅದರ ಟಾಕಿಯಲ್ಲಿ ಉಳಿದ ಔಷಧವೂ ಜೊತೆಗೆ ಬಂದೀತು.

ಕೂಲಿಗೆ ಬರುವ ಹೆಣ್ಣುಮಕ್ಕಳು ಕೂಸುಗಳನ್ನೂ ಕರೆತರುತ್ತಾರೆ. ಅವುಗಳಿಗೆ ಸಿಂಪರಣೆಯಾದ ಸಾಲುಗಳಿಂದ ದೂರ ನೆರಳಿನ ಜಾಗ ಬೇಕು. ಶಾಲೆಗೆ ಹೋಗುವ ಮಕ್ಕಳ ಕೈಗೆ ಕತ್ತರಿ ಕೊಡಬಾರದು. ಯುರೋಪಿನ ಅನೇಕ ಅಂಗಡಿಗಳು ಈಗ ಕೂಲಿಕಾರರ ಸ್ಥಿತಿಗತಿ ನೋಡುವ ಗ್ರಾಸ್ಪ್ ಎಂಬ ತಪಾಸಣೆಯನ್ನೂ ಕೇಳುತ್ತವೆ. ಮೇಸ್ತ್ರಿಗೆ ಮುಂಗಡ ಕೊಟ್ಟು ಆಳುಗಳನ್ನು ಕಟ್ಟಿಹಾಕುವುದು 1976ರ ಜೀತಪದ್ಧತಿ ರದ್ದತಿ ಕಾಯ್ದೆಗೆ ವಿರುದ್ಧ. ಹಾಜರಿ ಪುಸ್ತಕವಿಟ್ಟು ಕೂಲಿಯನ್ನು ಆಯಾ ಆಳಿನ ಕೈಗೇ ಕೊಡುವುದು ಬೆಳೆಗಾರನಿಗೂ ಕ್ಷೇಮ.

ರಫ್ತುದಾರರೊಡನೆ ಕರಾರು ಅಕ್ಟೋಬರ್ ಚಾಟನಿಗೆ ಮುನ್ನವೇ, ಬರಹದಲ್ಲಿ ಆಗಬೇಕು. ಕಾಳಿನ ಗಾತ್ರ ಎಷ್ಟು, ಹಣ ಎಷ್ಟು ದಿನಕ್ಕೆ, ಬಂದರಿನಲ್ಲಿ ತಿರಸ್ಕೃತವಾದರೆ ನಷ್ಟ ಯಾರದು ಎಂಬುದು ಅದರಲ್ಲಿರಲಿ. ಪ್ರಮಾಣಪತ್ರದ ಖರ್ಚನ್ನು ರಫ್ತುದಾರರೇ ಕೊಡುತ್ತೇವೆಂದರೆ ಪತ್ರ ಯಾರ ಹೆಸರಿನಲ್ಲಿದೆ ಎಂದು ಕೇಳಬೇಕು. ಅವರ ಹೆಸರಿನಲ್ಲಿದ್ದರೆ ಬೆಳೆಗಾರ ಆ ಪತ್ರದ ಮೇಲೆ ಬೇರೆಯವರಿಗೆ ಮಾರುವಂತಿಲ್ಲ.

ಗಾತ್ರ, ಬಣ್ಣದ ಕಾರಣಕ್ಕೆ ಉಳಿದ ಹಣ್ಣು ಒಣದ್ರಾಕ್ಷಿ ಶೆಡ್ಡಿಗೆ ಹೋಗಬಹುದು. ಶೇಷ ಪರೀಕ್ಷೆಯಲ್ಲಿ ಬಿದ್ದ ಹಣ್ಣನ್ನು ಹಾಗೆ ಮಾಡಬಾರದು. ಸುಮಾರು 4 ಕೆ.ಜಿ. ಹಸಿ ಹಣ್ಣು ಒಣಗಿ 1 ಕೆ.ಜಿ. ಆಗುವಾಗ ಹೋಗುವುದು ನೀರು; ಔಷಧವೂ ಹೋಗುತ್ತದೆಂಬ ಭರವಸೆಯಿಲ್ಲ. ಅಂಥ ತೋಟವನ್ನು ಕೆಲ ದಿನ ಬಳ್ಳಿಯಲ್ಲೇ ಬಿಟ್ಟು ಮತ್ತೊಮ್ಮೆ ಮಾದರಿ ತೆಗೆಸಿ, ಫಲಿತಾಂಶ ಬಂದ ಮೇಲೆ ಕತ್ತರಿ ಹಾಕಬೇಕು.