ಆರೋಗ್ಯ ವಿಮೆ: ಕೋಣೆ ಬಾಡಿಗೆಯ ಲೆಕ್ಕ



ಬ್ಯಾಂಕಿನಲ್ಲಿ ದಿನವೂ ಪರರ ಲೆಕ್ಕ ಬರೆಯುವ ನಾವು ನಮ್ಮ ಮನೆಯ ಆರೋಗ್ಯ ವಿಮೆಯ ಪಾಲಿಸಿಯನ್ನೇ ಓದಿರಲಿಲ್ಲ. ಊರಿಂದ ಮುಂಬಯಿಗೆ ಬಂದಿದ್ದ ನಮ್ಮ ತಾಯಿಯವರಿಗೆ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ವಿಮೆ 3 ಲಕ್ಷದ್ದು. ಕೋಣೆಯ ಬಾಡಿಗೆಗೆ ಮಿತಿ ಅದರ ನೂರಕ್ಕೆ ಒಂದು ಪಾಲು, ಎಂದರೆ ದಿನಕ್ಕೆ 3,000 ರೂಪಾಯಿ. ನಾವು ಹಿಡಿದದ್ದು 6,000ದ ಕೋಣೆ. ಹೆಚ್ಚಿನ ಬಾಡಿಗೆಯನ್ನಷ್ಟೇ ಕೈಯಿಂದ ಕೊಟ್ಟರಾಯಿತೆಂದು ನಮ್ಮ ಎಣಿಕೆ. ಆದರೆ ಡಾಕ್ಟರರ, ದಾದಿಯರ, ಆಪರೇಷನ್ ಕೋಣೆಯ ಶುಲ್ಕಗಳಿಗೂ ಅದೇ ಪ್ರಮಾಣ ಹಿಡಿದು ಅರ್ಧವನ್ನೇ ಕೊಟ್ಟರು! ಔಷಧಿಯ ಹಣಕ್ಕೆ ಮಾತ್ರ ಆ ಕತ್ತರಿ ತಾಗಲಿಲ್ಲ. ತಂಗಿಯ ಮದುವೆಗೆಂದು ಇಟ್ಟಿದ್ದ ಠೇವಣಿಯನ್ನು ಮುರಿದೆವು. ಅದನ್ನು ಮುರಿಯುವ ಚೀಟಿಯನ್ನೂ ನಾವೇ ಬರೆದೆವು.

ಆದುದರಿಂದ ಕಂತು ಅಗ್ಗವೆಂದು ಮರುಳಾಗದೆ ಮೊದಲು ಕೋಣೆಯ ಮಿತಿಯನ್ನು ಕೇಳಿರಿ. ಕಚೇರಿಯ ವಿಮೆಯೊಂದನ್ನೇ ನಂಬಿ ಕೂರಬೇಡಿ, ನೌಕರಿಯೊಡನೆ ಅದೂ ಹೋದೀತು. ಹಿರಿಯರ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡುವವರುಂಟು. 2024ರ ನಿಯಮದಂತೆ ಹಳೆಯ ಕಾಯಿಲೆಗೆ ಕಾಯಬೇಕಾದದ್ದು ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟರೆ ಪಾಲಿಸಿಯೇ ರದ್ದಾದೀತು. ಪಾಲಿಸಿ ಕೈಸೇರಿದ 30 ದಿನಗಳೊಳಗೆ, ಒಪ್ಪಿಗೆಯಾಗದಿದ್ದರೆ, ಹಿಂದಿರುಗಿಸಬಹುದು.

ಭಾನುವಾರ ಬೆಳಿಗ್ಗೆ ನಾವು ಸಂಘದ ವಾಚನಾಲಯದಲ್ಲಿಯೇ ಇರುತ್ತೇವೆ. ನಿಮ್ಮ ಪಾಲಿಸಿ ತನ್ನಿ, ಜೊತೆಗೆ ಕುಳಿತು ಓದೋಣ.