ತವರಿಗೆ ಮರಳುವ ದಾವೆ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ದೇಶದಲ್ಲಿ ಕೇಂದ್ರದ ಕಾನೂನಿಗೂ ರಾಜ್ಯದ ಕಾನೂನಿಗೂ ನ್ಯಾಯಾಲಯಗಳ ಏಣಿ ಒಂದೇ. ಅಮೆರಿಕದಲ್ಲಿ ಹಾಗಲ್ಲ, ರಾಜ್ಯದ ಏಣಿ ಬೇರೆ, ಒಕ್ಕೂಟದ ಏಣಿ ಬೇರೆ. ಆದ್ದರಿಂದ ದಾವೆಯ ಗುಣದೋಷಗಳಿಗಿಂತ ಮೊದಲು, ಅದನ್ನು ವಿಚಾರಿಸುವ ಅಧಿಕಾರ ಯಾರದೆಂಬ ಪ್ರಶ್ನೆಯೇ ಅಲ್ಲಿ ಏಳುತ್ತದೆ.

ಪರಸ್ಥಳದವನಿಗೆ ಸ್ಥಳೀಯ ನ್ಯಾಯಾಲಯದಲ್ಲಿ ಪಕ್ಷಪಾತವಾದೀತೆಂಬ ಅಂಜಿಕೆ ಸಹಜ. ಹೊರನಾಡಿನಲ್ಲಿ ನೆಲೆಸಿದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಉಭಯ ಪಕ್ಷದವರು ಬೇರೆ ಬೇರೆ ರಾಜ್ಯದವರಾಗಿ ಮೊತ್ತವು 75,000 ಡಾಲರನ್ನು ಮೀರಿದ್ದರೆ, ಅಥವಾ ದಾವೆಯು ಒಕ್ಕೂಟದ ಕಾನೂನನ್ನು ಆಧರಿಸಿದ್ದರೆ, ಪ್ರತಿವಾದಿಯು ಸಾಮಾನ್ಯವಾಗಿ 30 ದಿನಗಳೊಳಗೆ ಅದನ್ನು ಒಕ್ಕೂಟದ ನ್ಯಾಯಾಲಯಕ್ಕೆ ಒಯ್ಯಬಹುದು. ಇದಕ್ಕೆ ಪೂರ್ವಾನುಮತಿ ಬೇಡ. ನೋಟೀಸು ಸಲ್ಲಿಸಿದೊಡನೆ ರಾಜ್ಯದ ನ್ಯಾಯಾಲಯ ವಿಚಾರಣೆಯನ್ನು ನಿಲ್ಲಿಸಬೇಕು.

ಆಗ ವಾದಿಗೆ ಉಳಿಯುವ ದಾರಿಯೆಂದರೆ ದಾವೆಯನ್ನು ಹಿಂದಕ್ಕೆ ಕಳುಹಿಸಬೇಕೆಂದು ಕೋರುವುದು. ಒಯ್ದ ಕ್ರಮದಲ್ಲಿ ಲೋಪವಿದ್ದರೆ 30 ದಿನಗಳೊಳಗೆ ಆಕ್ಷೇಪಿಸಬೇಕು. ತಡಮಾಡಿದರೆ ಆ ಆಕ್ಷೇಪ ನಿಲ್ಲದು. ಆದರೆ ವಿಚಾರಣಾಧಿಕಾರವೇ ಇಲ್ಲವೆಂದು ಅಂತಿಮ ತೀರ್ಪಿಗೆ ಮುನ್ನ ಯಾವಾಗ ಕಂಡುಬಂದರೂ ದಾವೆಯನ್ನು ಮರಳಿಸಲೇಬೇಕು. ಉಭಯ ಪಕ್ಷಗಳೂ ಒಪ್ಪಿದ ಮಾತ್ರಕ್ಕೆ ಇಲ್ಲದ ಅಧಿಕಾರ ಹುಟ್ಟುವುದಿಲ್ಲ.

2025ರ ಜನವರಿಯಲ್ಲಿ ಇತ್ಯರ್ಥವಾದ ರಾಯಲ್ ಕ್ಯಾನಿನ್ ಪ್ರಕರಣವನ್ನು ನೋಡಿ. ಪಶುವೈದ್ಯರ ಚೀಟಿಯಿದ್ದರೆ ಮಾತ್ರ ಮಾರುವ ದುಬಾರಿ ನಾಯಿ ಆಹಾರದಲ್ಲಿ, ಸಾಧಾರಣ ಆಹಾರದಲ್ಲಿಲ್ಲದ ಔಷಧವೇನೂ ಇಲ್ಲವೆಂದು ದೂರಿ ಮಹಿಳೆಯೊಬ್ಬರು ಮಿಸೌರಿ ರಾಜ್ಯದ ನ್ಯಾಯಾಲಯಕ್ಕೆ ಹೋದರು. ದೂರಿನಲ್ಲಿ ಒಕ್ಕೂಟದ ಕಾನೂನಿನ ಪ್ರಸ್ತಾಪವಿದ್ದುದರಿಂದ ಕಂಪನಿಯು ದಾವೆಯನ್ನು ಒಕ್ಕೂಟದ ನ್ಯಾಯಾಲಯಕ್ಕೆ ಒಯ್ದಿತು. ಅವರು ದೂರನ್ನು ತಿದ್ದಿ ಆ ಪ್ರಸ್ತಾಪಗಳನ್ನೆಲ್ಲ ಕೈಬಿಟ್ಟರು. ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದ ಸರ್ವಾನುಮತದ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಒಕ್ಕೂಟದ ಪ್ರಶ್ನೆ ಉಳಿಯದಿದ್ದ ಮೇಲೆ ಒಕ್ಕೂಟದ ನ್ಯಾಯಾಲಯದ ಅಧಿಕಾರವೂ ಉಳಿಯದು, ದಾವೆ ರಾಜ್ಯಕ್ಕೇ ಮರಳಬೇಕು ಎಂದಿತು.

ನಮ್ಮಲ್ಲಿಯೂ ಮೊಕದ್ದಮೆಗಳು ರಾಜ್ಯದ ಗಡಿ ದಾಟುತ್ತವೆ. ಜಯಲಲಿತಾ ಅವರ ಮೇಲಿನ ಅಕ್ರಮ ಆಸ್ತಿ ಮೊಕದ್ದಮೆ 2003ರಲ್ಲಿ ಚೆನ್ನೈಯಿಂದ ಬೆಂಗಳೂರಿಗೆ ಬಂತು. ಆದರೆ ಸರ್ವೋಚ್ಚ ನ್ಯಾಯಾಲಯ ಕಾರಣಗಳನ್ನು ತೂಗಿ ನೋಡಿದ ಅನಂತರವೇ ಆ ವರ್ಗಾವಣೆಯಾಯಿತು. ಅಲ್ಲಿಯಾದರೋ ಪ್ರತಿವಾದಿ ಮೊದಲು ಒಯ್ಯುತ್ತಾನೆ, ಪರಿಶೀಲನೆ ಆಮೇಲೆ. ಆದ್ದರಿಂದಲೇ ಮರಳಿಸುವ ನಿಯಮ ಅಷ್ಟು ಕಟ್ಟುನಿಟ್ಟು.

ಕೇಂದ್ರದ ಕಚೇರಿಯಲ್ಲಿ ದುಡಿಯುವ ನಾನು ಇದರಿಂದ ಕಲಿತ ಪಾಠ ಒಂದೇ. ಮೇಲಿನ ಕಚೇರಿಗೆ ಬಂದ ಕಡತವೆಲ್ಲ ಮೇಲಿನ ಕಚೇರಿಯದಲ್ಲ. ತನ್ನದಲ್ಲದ್ದನ್ನು ಗುರುತಿಸಿ ಹಿಂದಿರುಗಿಸುವುದೂ ಅಧಿಕಾರದ ಧರ್ಮವೇ. ಒಕ್ಕೂಟಗಳು ಬಾಳುವುದು ಆ ಧರ್ಮದ ಮೇಲೆ.